ಅಪ್ಪ ಕೇರಳದಲ್ಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ತಾಯಿಯ ಒಪ್ಪಿಗೆ ಪಡೆದು ಬರೆದದ್ದು.)

ಸುಜಾತಾ ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿದ್ದಾರೆ, ಅಂದರೆ ತೋಟದವರು ಕೆಲಸಗಾರರಿಗೆ ಕೊಡುವ ಸಾಲು ಮನೆಯಲ್ಲಿ. ಗಂಡ ಅದೇ ತೋಟದ ಪಿಕಪ್ ಓಡಿಸುತ್ತಿದ್ದವರು. ಪಕ್ಕದ ತೋಟದ ಗೋದಾಮಿನಿಂದ ಕಾಳುಮೆಣಸಿನ ಮೂಟೆ ಕಳುವಾದ ಕೇಸಿನಲ್ಲಿ ಇನ್ನಿಬ್ಬರ ಜೊತೆ ಅವರನ್ನೂ ಹಿಡಿದರು. ಈಗ ಮಡಿಕೇರಿ ಜೈಲಿನಲ್ಲಿ ವಿಚಾರಣಾಧೀನ ಕೈದಿ. ಮನೆಯಲ್ಲಿ ಆರನೇ ಕ್ಲಾಸಿನ ಮಗ ಅಭಿ, ನಾಲ್ಕು ವರ್ಷದ ಮಗಳು, ಪಿರಿಯಾಪಟ್ಟಣದಿಂದ ಬಂದು ಉಳಿದಿರುವ ಅತ್ತೆ.

ಇವರನ್ನು ನನ್ನ ಹತ್ತಿರ ಕಳಿಸಿದ್ದು ಅಭಿಯ ಟೀಚರ್. ಹುಡುಗನಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಶಾಲೆಗೆ ಬಂದರೂ ಬಿಸಿಯೂಟ ಆದ ಕೂಡಲೇ ಮನೆಗೆ ಹೋಗ್ತೀನಿ ಅಂತ ಹಟ. ಡಾಕ್ಟರು ನೋಡಿ ಏನೂ ಇಲ್ಲ ಅಂದಿದ್ದರು. ಮನೆಯಲ್ಲಿ ಅವನಿಗೆ ಹೇಳಿದ್ದು, ಅಪ್ಪ ಕೇರಳದಲ್ಲಿ ಗಾಡಿ ಓಡಿಸ್ತಿದ್ದಾರೆ ಅಂತ.

ಇಂಥ ಮಾತು ಲೈನಿನಲ್ಲಿ ಎಷ್ಟು ದಿನ ನಿಲ್ಲುತ್ತೆ ಹೇಳಿ? ಗೋಡೆಗೆ ಗೋಡೆ ಅಂಟಿದ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ. ಪೊಲೀಸ್ ಜೀಪು ಬಂದದ್ದನ್ನು ನೋಡದವರೇ ಇಲ್ಲ.

ಅಭಿ ಬಂದು ಕುರ್ಚಿಯ ತುದಿಯಲ್ಲಿ ಕೂತ. ಬ್ಯಾಗ್ ಬೆನ್ನಿಂದ ಇಳಿಸಲೇ ಇಲ್ಲ. ನಾನು ಅಪ್ಪನ ವಿಷಯ ಎತ್ತದೆ, ಅಷ್ಟು ಭಾರದ ಬ್ಯಾಗಿನಲ್ಲಿ ಏನಿದೆ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ತೆಗೆದು ತೋರಿಸಿದ. ಪುಸ್ತಕಗಳ ಹಿಂದೆ ಗೊಬ್ಬರದ ಚೀಲ ಕತ್ತರಿಸಿ ಸುತ್ತಿದ ಒಂದು ಕಟ್ಟು. ಒಳಗೆ ಮನೆಯವರೆಲ್ಲರ ಆಧಾರ್, ಅಮ್ಮನ ಪಾಸ್‌ಬುಕ್, ತಂಗಿಯ ತಾಯಿ ಕಾರ್ಡ್. "ನಾನು ಸ್ಕೂಲಲ್ಲಿರುವಾಗ ರೈಟರ್ ಬಂದು ಮನೆ ಖಾಲಿ ಮಾಡಿಸಿದ್ರೆ ಇದೆಲ್ಲ ಹೋಗಿಬಿಡುತ್ತೆ ಮಿಸ್" ಅಂದ. ರೈಟರ್ ಅಂದರೆ ತೋಟದ ಕೆಲಸಗಾರರನ್ನು, ಲೆಕ್ಕವನ್ನು ನೋಡಿಕೊಳ್ಳುವವರು. 2018ರ ಆಗಸ್ಟ್ ಮಳೆಯಲ್ಲಿ ಇವರ ನೆಂಟರ ಮನೆ ಕುಸಿದು, ಕಾಗದಪತ್ರ ಇಲ್ಲದೆ ಅವರು ಕಚೇರಿ ಕಚೇರಿ ಅಲೆದಿದ್ದರಂತೆ. ಆ ಕಥೆ ಮನೆಯಲ್ಲಿ ಕೇಳಿ ಕೇಳಿ ಅವನಿಗೆ ಬಾಯಿಪಾಠ.

ಅಪ್ಪ ಎಲ್ಲಿದ್ದಾರೆ ಅನ್ನೋದು ಅವನಿಗೆ ಮೊದಲೇ ಗೊತ್ತಿತ್ತು. ಮನೆ ಉಳಿಯುತ್ತಾ ಅನ್ನೋದು ಗೊತ್ತಿರಲಿಲ್ಲ. ಅದನ್ನು ಕೇಳೋಣ ಅಂದರೆ ಕೇರಳದ ಕಥೆ ಸುಳ್ಳು ಅಂತ ತನಗೆ ಗೊತ್ತು ಅಂತ ಒಪ್ಪಿಕೊಂಡ ಹಾಗೆ. ಅಮ್ಮ ಅಳುತ್ತಾಳೆ. ಹಾಗಾಗಿ ಬಾಯಿ ಮುಚ್ಚಿಕೊಂಡು ಕಾವಲು ಕಾಯುತ್ತಿದ್ದ. ಮಕ್ಕಳಿಗೆ ಹೇಳುವ ಸುಳ್ಳಿನ ತೊಂದರೆಯೇ ಇದು. ಅಪ್ಪನ ವಿಷಯವಷ್ಟೇ ಅಲ್ಲ, ಅದರ ಸುತ್ತ ಇರುವ ಎಲ್ಲ ಪ್ರಶ್ನೆಗಳಿಗೂ ಬೀಗ ಬೀಳುತ್ತೆ.

ಸುಜಾತಾಗೆ ನಾನು ಮೊದಲು ಹೇಳಿದ್ದು ಮಗನ ಜೊತೆ ಮಾತಾಡಿ ಅಂತಲ್ಲ, ರೈಟರ್ ಹತ್ತಿರ ಹೋಗಿ ಅಂತ. ಮನೆಯ ವಿಷಯ ಖಚಿತ ಆಗದೆ ಮಗನಿಗೆ ಧೈರ್ಯ ಹೇಳಿದರೆ ಅದೂ ಸುಳ್ಳೇ ಅಲ್ವಾ? ಅವರು ಹೋದರು. ರೈಟರ್ ತೋಟದ ಸಾಹುಕಾರ್ರನ್ನು ಕೇಳಿ ಬಂದು, ಸುಜಾತಾ ಕೆಲಸಕ್ಕೆ ಬರುತ್ತಿರುವಷ್ಟು ದಿನ ಮನೆ ಬಿಡಿಸಲ್ಲ ಅಂದರು.

ಆಮೇಲೆ ಅತ್ತೆಯವರ ಸರದಿ. "ನೀವು ಓದಿದವರು ಮೇಡಂ, ಹೇಳಿ ಹೋಗ್ತೀರಿ. ಇವರ ಮಧ್ಯೆ ಬದುಕಬೇಕಾದವರು ನಾವು" ಅಂದರು. ಅದರಲ್ಲಿ ತಪ್ಪೇನೂ ಇಲ್ಲ. "ಅಮ್ಮಾ, ಊರಿಗೆಲ್ಲ ಹೇಳಿ ಅಂತ ನಾನು ಹೇಳ್ತಿಲ್ಲ, ಅಭಿಗೆ ಮಾತ್ರ" ಅಂದೆ. ಅಜ್ಜಿ ಒಪ್ಪಿದರು ಅಂತ ಹೇಳಲಾರೆ. ಸುಮ್ಮನಾದರು.

ಏನು ಹೇಳಬೇಕು ಅಂತ ಸುಜಾತಾ ಜೊತೆ ಕೂತು ಅವರದೇ ಮಾತಿನಲ್ಲಿ ಜೋಡಿಸಿದೆವು. "ಅಪ್ಪ ಮಡಿಕೇರಿ ಜೈಲಲ್ಲಿದ್ದಾರೆ. ಮೆಣಸು ಕದ್ದರು ಅಂತ ಕೇಸಾಗಿದೆ. ಕದ್ದಿದ್ದಾರೋ ಇಲ್ವೋ ಕೋರ್ಟು ಹೇಳಬೇಕು. ಯಾವಾಗ ಬರ್ತಾರೆ ನನಗೂ ಗೊತ್ತಿಲ್ಲ. ನಿನ್ನಿಂದ ಆಗಿದ್ದಲ್ಲ. ಮನೆ ಎಲ್ಲೂ ಹೋಗಲ್ಲ, ರೈಟರ್ ಹತ್ತಿರ ಮಾತಾಡಿದ್ದೀನಿ. ಏನು ಬೇಕಾದ್ರೂ ಕೇಳು." ಅಪ್ಪ ನಿರಪರಾಧಿ ಅಂತ ಆಣೆ ಇಡೋದು ಬೇಡ, ಕಳ್ಳ ಅಂತ ಬೈಯೋದೂ ಬೇಡ ಅಂದೆ. ಶಾಲೆಯಲ್ಲಿ ಯಾರಾದರೂ ಕೆಣಕಿದರೆ ಅನ್ನೋದಕ್ಕೆ ಅಭಿಯೇ ಒಂದು ಮಾತು ಆರಿಸಿಕೊಂಡ: "ಅದು ನಮ್ಮನೆ ವಿಷಯ." ಅದನ್ನು ನನ್ನ ಮುಂದೆ ಜೋರಾಗಿ ಹೇಳಿ ಹೇಳಿ ಅಭ್ಯಾಸ ಮಾಡಿದ.

ಅಪ್ಪನನ್ನು ನೋಡಬೇಕು ಅಂತ ಕೇಳಿದ್ದು ಅವನೇ. ಕರೆದುಕೊಂಡು ಹೋಗಿ ಅಂದೆ, ಆದರೆ ಮೊದಲೇ ಎಲ್ಲ ವಿವರಿಸಿ. ಗೇಟಿನಲ್ಲಿ ತಪಾಸಣೆ ಇರುತ್ತೆ, ಮೊಬೈಲ್ ಒಳಗೆ ಬಿಡಲ್ಲ, ಮಧ್ಯೆ ಜಾಲರಿ ಇರಬಹುದು, ಮಾತಾಡೋಕೆ ಸಿಗೋದು ಸ್ವಲ್ಪ ಹೊತ್ತು. ಸುಜಾತಾಗೆ ಅದು ಒಂದು ದಿನದ ಕೂಲಿ ಖೋತಾ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ನಿಜ, ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ. ಗಂಡನಿಗೂ ಒಂದು ಮಾತು ಹೇಳಿಸಿದೆ: "ಮುಂದಿನ ವಾರ ಬಂದ್ಬಿಡ್ತೀನಿ" ಅಂತ ಮಗನಿಗೆ ಹೇಳಬೇಡಿ. ಅವನು ದಿನ ಎಣಿಸುತ್ತಾನೆ.

ಇನ್ನು ಕಾನೂನಿನ ಕಡೆ. ಜಾಮೀನು ಮಂಜೂರಾಗಿತ್ತು! ಆದರೆ ಶ್ಯೂರಿಟಿ ಕೊಡುವವರು, ಅಂದರೆ ಜಮೀನಿನ ಪಹಣಿ ತೋರಿಸಿ ಹೊಣೆ ನಿಲ್ಲುವವರು, ಇಲ್ಲದೆ ಒಳಗೇ ಇದ್ದರು. ಲೈನಿನಲ್ಲಿರುವವರ ಹತ್ತಿರ ಪಹಣಿ ಎಲ್ಲಿಂದ ಬರಬೇಕು? ನಾನು ವಕೀಲೆಯಲ್ಲ, ಹಾಗಾಗಿ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳಿಸಿದೆ. 1987ರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಶ್ಯೂರಿಟಿ ಒದಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅಲ್ಲಿನ ವಕೀಲರು ಅದನ್ನು ಹಿಡಿದು ಅರ್ಜಿ ಹಾಕಿದ್ದಾರೆ.

ದುಡ್ಡಿನ ವಿಷಯಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಿಷನ್ ವಾತ್ಸಲ್ಯ ಅನ್ನೋ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯ ಪ್ರಾಯೋಜಕತ್ವ ನೆರವಿಗೆ ಅರ್ಜಿ ಕೊಡಿಸಿದೆ. ಮಂಜೂರಾದರೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ದಾಟಬಾರದು. ತೋಟದ ಕೂಲಿ ಪೂರ್ತಿ ಲೆಕ್ಕ ಹಾಕಿದರೆ ದಾಟಿಬಿಡಬಹುದು, ಅದಕ್ಕೇ ಸಿಕ್ಕೇ ಸಿಗುತ್ತೆ ಅಂತ ಸುಜಾತಾಗೆ ಮಾತು ಕೊಡಲಿಲ್ಲ.

ಅಭಿಯ ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಅಪ್ಪನ ಕೇಸು ಕೋರ್ಟಿಗೆ ಬರುವ ದಿನ ನೋವು ಬರುತ್ತೆ. ಮಿಕ್ಕ ದಿನ ನಾಲ್ಕು ಗಂಟೆಯವರೆಗೂ ಕ್ಲಾಸಿನಲ್ಲಿ ಕೂರುತ್ತಾನೆ. ಅಜ್ಜಿ ಈಗಲೂ ನೆಂಟರಿಗೆ ಕೇರಳ ಅಂತಲೇ ಹೇಳುತ್ತಾರೆ. ಹೇಳಿಕೊಳ್ಳಲಿ.

ಮೊನ್ನೆ ಸುಜಾತಾ ಕೇಳಿದರು, ಜೂನ್‌ನಲ್ಲಿ ಶಾಲೆಯ ಫಾರಂ ತುಂಬುವಾಗ ತಂದೆಯ ಉದ್ಯೋಗ ಏನು ಬರೀಲಿ ಅಂತ. ಡ್ರೈವರ್ ಅಂತ ಬರೀರಿ, ಅವರ ಕೆಲಸ ಅದೇ ತಾನೇ ಅಂದೆ. ಟೀಚರಿಗೂ ಹೇಳಿಟ್ಟಿದ್ದೇನೆ.