ಸೋಮವಾರ ಶುರು ಮಾಡಿದ ಪಥ್ಯ ಗುರುವಾರಕ್ಕೆ ಯಾಕೆ ನಿಂತೋಗತ್ತೆ?

ಪ್ರಶ್ನೆ: ನಮಸ್ತೆ ಮೇಡಂ. ನಂಗೆ 38 ವರ್ಷ, ಶಿವಮೊಗ್ಗ ವಿನೋಬನಗರದಲ್ಲಿ ಇದೀವಿ, ಗಂಡನ ಮನೆ ಹೊಸನಗರದ ಹತ್ರ, ತೋಟ ಇದೆ. ನಾನೂ ಕೆಲಸಕ್ಕೆ ಹೋಗ್ತೀನಿ. ಹೋದ ತಿಂಗಳು ಬ್ಲಡ್ ಟೆಸ್ಟಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಅಳತೆ) 6.1 ಬಂತು, ಡಾಕ್ಟ್ರು ಈಗ್ಲೇ ಮಾತ್ರೆ ಬೇಡ, ಊಟ ಸರಿ ಮಾಡ್ಕೊಂಡು ತೂಕ ಇಳಿಸಿ ಅಂದ್ರು (74 ಕೆ.ಜಿ. ಇದೀನಿ). ಪ್ರತಿ ಸೋಮವಾರ ಶುರು ಮಾಡ್ತೀನಿ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಬರೀ ಸೌತೆಕಾಯಿ. ಬುಧವಾರದ ತನಕ ಚೆನ್ನಾಗೇ ನಡೆಯತ್ತೆ, ಆಮೇಲೆ ಆಫೀಸಲ್ಲಿ ಯಾರದ್ದೋ ಬರ್ತ್‌ಡೇ ಕೇಕ್, ಇಲ್ಲಾ ಸಂಜೆ ಮಕ್ಕಳು ಗೋಬಿ ಬೇಕು ಅಂತಾರೆ, ಒಂದು ತುತ್ತು ಬಾಯಿಗೆ ಹಾಕಿದ್ರೆ ಮುಗೀತು, ಅವತ್ತು ರಾತ್ರಿ ಏನು ಸಿಕ್ಕಿದ್ರೂ ತಿಂತೀನಿ. ಶನಿವಾರ ಊರಿಗೆ ಹೋದ್ರೆ ಅತ್ತೆ ಕಡುಬು ಮಾಡಿರ್ತಾರೆ, ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ. ನನ್ನ ಮನಸ್ಸೇ ಗಟ್ಟಿ ಇಲ್ಲ ಅನ್ಸತ್ತೆ. ಮೋಟಿವೇಶನ್ ಉಳಿಸ್ಕೊಳ್ಳೋದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನಂಗೆ ಕಣ್ಣಿಗೆ ಬಿದ್ದಿದ್ದು ಗೋಬಿನೂ ಅಲ್ಲ ಕಡುಬೂ ಅಲ್ಲ, "ಒಂದು ತುತ್ತು ಬಾಯಿಗೆ ಹಾಕಿದ್ರೆ ಮುಗೀತು" ಅನ್ನೋ ಮಾತು. ಮುಳುಗಿದವನಿಗೆ ಚಳಿಯೇನು ಮಳೆಯೇನು ಅಂತೀವಲ್ಲ, ಊಟದ ವಿಷಯದಲ್ಲಿ ನಾವೆಲ್ಲ ಮಾಡೋದು ಅದನ್ನೇ. ಇದು ನಿಮ್ಮೊಬ್ಬರ ದೌರ್ಬಲ್ಯ ಅಲ್ಲ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅಂತ ಇಬ್ರು ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು, ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮ್ ಬೇಕಾದಷ್ಟು ತಿನ್ನಿ ಅಂತ ಮುಂದೆ ಇಟ್ರು. ಊಟದ ಬಗ್ಗೆ ಅಷ್ಟೇನೂ ತಲೆ ಕೆಡಿಸ್ಕೊಳ್ಳದವರು ಮಿಲ್ಕ್‌ಶೇಕ್ ಕುಡಿದಿದ್ದಕ್ಕೆ ಐಸ್‌ಕ್ರೀಮ್ ಕಮ್ಮಿ ತಿಂದ್ರು. ಸದಾ ಬಾಯಿ ಕಟ್ಕೊಂಡು ಇರೋರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಜಾಸ್ತಿ ತಿಂದ್ರು. ಹೆಂಗೂ ಕೆಟ್ಟೋಯ್ತು, ಇನ್ನೇನು ಅಂತ.

ನಮ್ಮಮ್ಮಂಗೂ ಶುಗರ್ ಇತ್ತು. ಹಬ್ಬದ ದಿನ ಒಂದು ಹೋಳಿಗೆ ತಿಂದ್ಬಿಟ್ರೆ ತಪ್ಪು ಮಾಡ್ದೆ ತಪ್ಪು ಮಾಡ್ದೆ ಅಂತ ಮೂರು ದಿನ ಕೊರಗೋರು, ಆ ಮೂರು ದಿನಾನೂ ಲೆಕ್ಕ ಇಲ್ಲದೆ ತಿನ್ನೋರು. ಆ ಒಂದು ಹೋಳಿಗೆಯಿಂದ ಅವ್ರಿಗೆ ಅಂಥಾ ತೊಂದ್ರೆ ಏನೂ ಆಗ್ತಿರ್ಲಿಲ್ಲ, ಆ ಕೊರಗಿನಿಂದ ಆಯ್ತು. ಅದನ್ನ ಮನೇಲೇ ನೋಡಿರೋದ್ರಿಂದ ನನ್ನ ಹತ್ರ ಬಂದೋರಿಗೆಲ್ಲ ಮೊದಲು ಹೇಳೋದು ಇದೊಂದೇ, ಗೋಬಿ ತಿಂದ್ರಾ, ಸರಿ, ಮುಂದಿನ ಊಟ ಮಾಮೂಲಿ ಮಾಡಿ. ನಾಳೆಯಿಂದ ಅಲ್ಲ, ಸೋಮವಾರದಿಂದ ಅಂತೂ ಅಲ್ವೇ ಅಲ್ಲ, ಅವತ್ತು ರಾತ್ರಿ ಊಟದಿಂದಾನೇ. ಗೋಬಿ ತಿಂದೆ ಅಂತ ರಾತ್ರಿ ಉಪವಾಸಾನೂ ಮಾಡ್ಬೇಡಿ, ಹಾಗೆ ಮಾಡಿದ್ರೆ ಹತ್ತು ಗಂಟೆಗೆ ಡಬ್ಬಿ ಹುಡುಕ್ತೀರ.

ಎರಡನೇದು, ನಿಮ್ಮ ಪಥ್ಯಾನೇ ಸರಿ ಇಲ್ಲ. ಬೈತಿದೀನಿ ಅಂದ್ಕೋಬೇಡಿ. ಅಕ್ಕಿ ರೊಟ್ಟಿ ಕಡುಬು ತಿಂದು ಬೆಳೆದ ಹೊಟ್ಟೆಗೆ ದಿಢೀರಂತ ಬೆಳಿಗ್ಗೆ ಓಟ್ಸ್ ರಾತ್ರಿ ಸೌತೆಕಾಯಿ ಅಂದ್ರೆ ಅದು ಎಷ್ಟು ದಿನ ತಡ್ಕೊಳ್ಳತ್ತೆ? ಸೌತೆಕಾಯಿಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರೇ, ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು. ಬುಧವಾರಕ್ಕೆ ನೀವು ಮೂರು ದಿನದ ಹಸಿವು ಹೊತ್ಕೊಂಡು ಓಡಾಡ್ತಾ ಇರ್ತೀರ, ಗುರುವಾರ ಕೇಕ್ ಮುಂದೆ ಸೋತಿದ್ದು ಮನಸ್ಸಲ್ಲ, ಹೊಟ್ಟೆ.

ನಮ್ಮ ಅಡುಗೆಯಲ್ಲೇ ಎಷ್ಟು ಒಳ್ಳೇದಿದೆ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರದ ಬಗ್ಗೆ ಹೊಸ ಮಾರ್ಗಸೂಚಿ ಕೊಟ್ಟಿದೆ, ಅದರ ಪ್ರಕಾರ ದಿನಕ್ಕೆ 400 ಗ್ರಾಂ ತರಕಾರಿ 100 ಗ್ರಾಂ ಹಣ್ಣು ತಿನ್ನಬೇಕು, ಅಂದ್ರೆ ತಟ್ಟೆಯ ಅರ್ಧ ಇದೇ ಇರ್ಬೇಕು. ನಮ್ಮಲ್ಲಿ ತಟ್ಟೆ ತುಂಬ ಅನ್ನ, ತುದೀಲಿ ಒಂಚೂರು ಪಲ್ಯ. ಇದನ್ನ ತಿರುಗಿಸಿ ಹಾಕಿ ಸಾಕು. ಹರಿವೆ, ಬಸಳೆ, ಬಾಳೆದಿಂಡು, ಮೊಗೆಕಾಯಿ, ಮಳೆಗಾಲದಲ್ಲಿ ಕೆಸುವಿನ ಸೊಪ್ಪು, ಕಳಲೆ, ಯಾವುದಾದ್ರೂ ಒಂದು ದೊಡ್ಡ ಬಟ್ಟಲು. ಜೊತೆಗೆ ಹೆಸರುಕಾಳೋ ಹುರುಳಿನೋ ಗಟ್ಟಿಯಾಗಿ, ತಿನ್ನೋರಾದ್ರೆ ಮೊಟ್ಟೆ, ಮೀನು. ಒಂದೆಲಗದ ತಂಬುಳಿ ಇದ್ರಂತೂ ಕೇಳೋದೇ ಬೇಡ. ಪಲ್ಯ ಕಾಳು ಮೊದಲು ತಿಂದು, ಅನ್ನ ಕೊನೆಗೆ ತಿಂದ್ರೆ ಊಟ ಆದ್ಮೇಲೆ ಶುಗರ್ ಏರೋದು ಕಮ್ಮಿ, ಇದನ್ನ ಅಳೆದು ನೋಡಿದಾರೆ. ಹಾಗಂತ ಕುಚ್ಚಲಕ್ಕಿ ಆದ್ರೆ ಎಷ್ಟು ಬೇಕಾದ್ರೂ ತಿನ್ಬಹುದು ಅಂದ್ಕೋಬೇಡಿ, ಅದೂ ಅಕ್ಕಿನೇ.

ಇನ್ನು ಸಂಜೆ. ಒಂದು ಗಂಟೆಗೆ ಊಟ ಮಾಡಿ ಆರು ಗಂಟೆಗೆ ಖಾಲಿ ಹೊಟ್ಟೆಲಿ ಮಕ್ಕಳನ್ನ ಕರ್ಕೊಂಡು ಗೋಬಿ ಗಾಡಿ ಮುಂದೆ ನಿಂತ್ರೆ ಆ ವಾಸನೆಗೆ ಯಾರಿಗೂ ತಡಿಯಕ್ಕಾಗಲ್ಲ, ನಂಗೂ ಆಗಲ್ಲ. ಆದ್ರಿಂದ ಅಲ್ಲಿ ನಿಂತ್ಕೊಂಡು ತೀರ್ಮಾನ ಮಾಡೋದು ಬೇಡ, ಮನೇಲೇ ಮಾಡ್ಕೊಂಡು ಹೊರಡಿ. ನಾಲ್ಕೂವರೆಗೆ ಆಫೀಸಲ್ಲೇ ಒಂದು ಹಿಡಿ ಹುರಿದ ಶೇಂಗಾ ಇಲ್ಲಾ ಹುರಿಗಡಲೆ, ಒಂದು ಲೋಟ ಮಜ್ಜಿಗೆ. ಗೋಬಿಗೆ ವಾರದಲ್ಲಿ ಒಂದು ದಿನ ಇಟ್ಬಿಡಿ, ಶುಕ್ರವಾರ ಅಂತ ಇಟ್ಕೊಳ್ಳಿ, ಮಕ್ಕಳಿಗೂ ಹೇಳಿಡಿ. ಅವತ್ತು ಒಂದು ಪ್ಲೇಟ್ ತಗೊಂಡು ಎಲ್ರೂ ಹಂಚ್ಕೊಂಡು ನೆಮ್ಮದಿಯಾಗಿ ತಿನ್ನಿ. ಕೆಂಪು ಬಣ್ಣ ರಾಚೋ ಹಾಗಿದ್ರೆ ಮಾತ್ರ ಬೇಡ, ಗೋಬಿಗೆ ಕೃತಕ ಬಣ್ಣ ಹಾಕೋದನ್ನ ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧ ಮಾಡಿದೆ. ಉಳಿದ ದಿನ ಬೇರೆ ರಸ್ತೇಲಿ ಮನೆಗೆ ಬನ್ನಿ. ಬಿಸ್ಕತ್ತು ಮಿಕ್ಸ್ಚರ್ ಡಬ್ಬಿನ ಅಟ್ಟದ ಮೇಲಿಡಿ, ಬಾಳೆಹಣ್ಣು ಪೇರಳೆನ ಕೈಗೆ ಸಿಗೋ ಹಾಗಿಡಿ. ಇಷ್ಟೇನಾ ಅನ್ಸತ್ತೆ, ಆದ್ರೆ ಸುಸ್ತಾಗಿ ಬಂದಾಗ ಕೈ ಮೊದಲು ಹೋಗೋದು ಹತ್ರ ಇರೋದಕ್ಕೇ.

ಟೀ ಬಗ್ಗೆ ನೀವು ಬರ್ದೇ ಇಲ್ಲ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಸಣ್ಣ ಚಮಚ ಸಕ್ಕರೆ ಅಂದ್ರೆ 32 ಗ್ರಾಂ ಆಯ್ತು, ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ರೆ ಒಳ್ಳೇದು ಅನ್ನತ್ತೆ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಕಮ್ಮಿ ಮಾಡ್ತಾ ಬನ್ನಿ, ನಾಲಿಗೆಗೆ ಗೊತ್ತೇ ಆಗಲ್ಲ.

ಅತ್ತೆ ವಿಷಯ. ಇದು ಬರೀ ಊಟದ ವಿಷಯ ಅಲ್ಲ ಅಂತ ನಂಗೆ ಗೊತ್ತು. ನಮ್ ಕಡೆ "ಬೇಡ" ಅಂದ್ರೆ ನೀವು ಮಾಡಿದ್ದು ಬೇಡ ಅಂತಾನೇ ಕೇಳ್ಸೋದು, ಬೆಳಿಗ್ಗೆ ಬೇಗ ಎದ್ದು ಕಡುಬು ಕಟ್ಟಿರೋರಿಗೆ ಅದು ನೋವೇ. ಅದಕ್ಕೆ ಬೇಡ ಅನ್ನೋ ಬದಲು ಕೇಳಿ. ಶುಕ್ರವಾರಾನೇ ಫೋನ್ ಮಾಡಿ, "ಅತ್ತೆ, ಡಾಕ್ಟ್ರು ಹಿಂಗೆ ಅಂದಿದಾರೆ, ನಂಗೆ ಎರಡೇ ಕಡುಬು ಸಾಕು, ಆದ್ರೆ ನಿಮ್ ಕೈದು ಒಂದೆಲಗದ ತಂಬುಳಿ ಬೇಕು, ಕಾಳು ಪಲ್ಯ ಜಾಸ್ತಿ ಮಾಡಿರಿ" ಅನ್ನಿ. ರಿಪೋರ್ಟ್ ವಿಷಯ ಮುಚ್ಚಿಡ್ಬೇಡಿ. ಗೊತ್ತಿದ್ರೆ ಅವ್ರೇ ನಿಮ್ಮ ತಟ್ಟೆ ಕಾಯ್ತಾರೆ, ನಾನು ಎಷ್ಟೋ ಮನೇಲಿ ನೋಡಿದೀನಿ, ಮೊದಲು ಬಲವಂತ ಮಾಡ್ತಿದ್ದ ಅತ್ತೆನೇ ಆಮೇಲೆ ನೆಂಟರಿಗೆ "ಅವ್ಳಿಗೆ ಸ್ವೀಟ್ ಹಾಕ್ಬೇಡಿ" ಅಂತಿರ್ತಾರೆ. ಅಡಿಕೆ ಕೊನೆ ಕೊಯ್ಲಿನ ಟೈಮ್ ಮಾತ್ರ ಕಷ್ಟ, ಅಡಿಕೆ ಸುಲಿಯೋರ ಜೊತೆ ರಾತ್ರಿ ಕೂತ್ರೆ ಟೀ, ಬೋಂಡ, ಮತ್ತೆ ಟೀ. ಆ ದಿನಗಳಲ್ಲಿ ತೂಕ ಇಳಿಸೋ ಯೋಚನೆ ಬಿಡಿ, ಏರದೆ ಇದ್ರೆ ಸಾಕು. ಸುಲಿಯಕ್ಕೆ ಕೂರೋ ಮೊದಲೇ ಹೊಟ್ಟೆ ತುಂಬ ಊಟ ಮಾಡ್ಕೊಳ್ಳಿ, ಒಂದು ಬೋಂಡ ತಗೊಂಡು ತಟ್ಟೆನ ಮುಂದೆ ದಾಟಿಸಿ.

ಎಷ್ಟು ದಿನ ಹಿಂಗೆ ಗಮನ ಕೊಡ್ಬೇಕು ಅಂತ ಎಲ್ರೂ ಕೇಳ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನೋರು 96 ಜನರನ್ನ ಇಟ್ಕೊಂಡು ನೋಡಿದಾಗ ಹೊಸ ಅಭ್ಯಾಸ ತಾನಾಗೇ ನಡೆಯೋ ಹಾಗಾಗಕ್ಕೆ ಸರಾಸರಿ 66 ದಿನ ಬೇಕಾಯ್ತು, ಕೆಲವರಿಗೆ 18 ದಿನ, ಕೆಲವರಿಗೆ 254 ಅನ್ನೋ ಲೆಕ್ಕ ಬಂತು. ನಿಮಗೆ ಮುಖ್ಯವಾಗಿದ್ದು ಬೇರೆ, ಮಧ್ಯ ಒಂದು ದಿನ ತಪ್ಪಿದ್ರೂ ಅಭ್ಯಾಸ ಆಗೋದಕ್ಕೆ ಅಂಥಾ ಏಟೇನೂ ಬೀಳ್ಲಿಲ್ಲ. ನೀವು ಪ್ರತಿ ಗುರುವಾರ ಕೈ ಬಿಟ್ಟು ಸೋಮವಾರ ಒಂದನೇ ದಿನದಿಂದ ಎಣಿಸ್ತಾ ಇದೀರ, ಎಣಿಕೆ ನಿಲ್ಲಿಸ್ಬೇಡಿ, ಶುಕ್ರವಾರ ಐದನೇ ದಿನಾನೇ. ಎಲ್ಲಾ ಒಟ್ಟಿಗೆ ಹಿಡಿಬೇಡಿ, ಮೊದಲ ತಿಂಗಳು ನಾಲ್ಕೂವರೆ ತಿಂಡಿ ಮತ್ತೆ ತಟ್ಟೆ ತಿರುಗಿಸೋದು, ಇವೆರಡೇ.

ಗುರಿನೂ ಸಣ್ಣದೇ. ಎಚ್‌ಬಿಎ1ಸಿ 5.7ರಿಂದ 6.4 ಅಂದ್ರೆ ಶುಗರ್ ಬರೋ ಮುಂಚಿನ ಹಂತ, ಅಲ್ಲಿಂದ ಹಿಂದಕ್ಕೆ ಬರಕ್ಕಾಗತ್ತೆ. ಅಮೆರಿಕದಲ್ಲಿ 2002ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ನಿಮ್ಮಂಥ ಹಂತದಲ್ಲಿ ಇದ್ದೋರಿಗೆ ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಸೋ ಗುರಿ, ವಾರಕ್ಕೆ 150 ನಿಮಿಷ ನಡಿಗೆ ಕೊಟ್ರು, ಅವ್ರಲ್ಲಿ ಶುಗರ್ ಬರೋ ಸಾಧ್ಯತೆ ಶೇ. 58 ಕಮ್ಮಿ ಆಯ್ತು. ನಿಮ್ಮ 74 ಕೆ.ಜಿ.ಗೆ ಅದು ಐದು ಕೆ.ಜಿ. ಅಷ್ಟೇ. ಜಡಿಮಳೆ ಹಿಡಿದಾಗ ನಡಿಗೆ ನಿಲ್ಲತ್ತೆ ಅಂತ ಗೊತ್ತು, ಮನೆ ಒಳಗೇ ಊಟ ಆದ್ಮೇಲೆ ಹತ್ತತ್ತು ನಿಮಿಷ ಓಡಾಡಿ, ಜಗುಲಿ ಇದ್ರೆ ಇನ್ನೂ ಒಳ್ಳೇದು. ಮೂರು ತಿಂಗಳಿಗೆ ಮತ್ತೆ ಟೆಸ್ಟ್ ಮಾಡ್ಸಿ, ರಿಸಲ್ಟ್ ಏನೇ ಬರ್ಲಿ ನಂಗೆ ಬರೀರಿ.

ಪ್ರಶ್ನೆ: ಮೇಡಂ, ನಾವು ಸಾಗರದ ಕಡೆಯೋರು. ನಮ್ಮ ಯಜಮಾನ್ರಿಗೆ ಆರು ವರ್ಷದಿಂದ ಶುಗರ್, ಮಾತ್ರೆ ತಗೋತಾರೆ. ಸಕ್ಕರೆ ಮುಟ್ಟಲ್ಲ, ಆದ್ರೆ ದೋಸೆ ಮೇಲೆ ಜೋನಿ ಬೆಲ್ಲ ಸುರ್ಕೋತಾರೆ, ಕೇಳಿದ್ರೆ ಇದು ಮನೆ ಬೆಲ್ಲ, ಏನೂ ಆಗಲ್ಲ ಅಂತಾರೆ. ದಿನಾ ಇದೇ ಜಗಳ.

ಉತ್ತರ: ಜೋನಿ ಬೆಲ್ಲಾನೂ ಕಬ್ಬಿನ ಹಾಲೇ ಅಲ್ವಾ, ಅದ್ರಲ್ಲಿ ಇರೋದು ಬಹುಪಾಲು ಸಕ್ಕರೆನೇ, ರಕ್ತಕ್ಕೆ ಹೋದ್ಮೇಲೆ ಎರಡಕ್ಕೂ ವ್ಯತ್ಯಾಸ ಇಲ್ಲ. ಆದ್ರೆ ನೀವು ಹೇಳಿದ್ರೆ ಅವ್ರು ಕೇಳಲ್ಲ, ನಾನು ಹೇಳಿದ್ರೂ ಕೇಳಲ್ವೇನೋ. ಮನೇಲಿ ಗ್ಲೂಕೋಮೀಟರ್ ಇದ್ರೆ ಒಂದು ದಿನ ಎರಡು ದೋಸೆ ಬೆಲ್ಲದ ಜೊತೆ, ಇನ್ನೊಂದು ದಿನ ಅದೇ ಎರಡು ದೋಸೆ ಕಾಯಿ ಚಟ್ನಿ ಜೊತೆ ಕೊಡಿ, ಮಾತ್ರೆ ಎಂದಿನ ಹಾಗೇ ಇರ್ಲಿ. ಎರಡೂ ದಿನ ತಿನ್ನಕ್ಕೆ ಶುರು ಮಾಡಿ ಎರಡು ಗಂಟೆ ಆದ್ಮೇಲೆ ಅವ್ರೇ ಚುಚ್ಚಿ ನೋಡ್ಕೊಳ್ಳಲಿ, ಅವ್ರ ಕೈಯಲ್ಲೇ ಕ್ಯಾಲೆಂಡರ್ ಮೇಲೆ ಬರೆಸಿ. ನೀವು ಏನೂ ಮಾತಾಡ್ಬೇಡಿ.