ಜಾರ್ಜ್ ಜೋನ್ಸ್ ಹಾಡಿನಲ್ಲಿ ಅವನು ‘ಇವತ್ತೇ’ ಪ್ರೀತಿ ನಿಲ್ಲಿಸಿದ್ದು ಯಾಕೆ?

ಯಾಕೆಂದರೆ ಅವನು ಇವತ್ತು ಸತ್ತಿದ್ದಾನೆ. ಅಮೆರಿಕದ ಕಂಟ್ರಿ ಸಂಗೀತದ (ಅಲ್ಲಿನ ಹಳ್ಳಿಗಾಡಿನ ಶೈಲಿ) ಗಾಯಕ ಜೋನ್ಸ್ ಹಾಡಿದ 1980ರ ‘ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ (ಅವಳನ್ನು ಪ್ರೀತಿಸೋದನ್ನು ಅವನು ಇವತ್ತು ನಿಲ್ಲಿಸಿದ) ಹಾಡಿನ ಗುಟ್ಟು ಇಷ್ಟೇ. ಸಾಯೋವರೆಗೂ ಪ್ರೀತಿಸ್ತೀನಿ ಅಂದಿದ್ದ, ಹಾಗೇ ಮಾಡಿದ. ಹಾಸಿಗೆ ಪಕ್ಕ ಅವಳ 1962ರ ಕಾಗದಗಳು. ‘ಐ ಲವ್ ಯೂ’ ಅಂತ ಇದ್ದ ಕಡೆಯೆಲ್ಲ ಕೆಂಪು ಗೆರೆ ಎಳೆದಿಟ್ಟಿದ್ದ. ನನಗೆ ಸಾವಿಗಿಂತ ಆ ಕೆಂಪು ಗೆರೆಯೇ ಜಾಸ್ತಿ ಚುಚ್ಚುತ್ತದೆ. ಕೊನೆಗೆ ಅವಳು ಬರುತ್ತಾಳೆ, ಅವನನ್ನು ನೋಡಲು. ಅಲ್ಲಿ ಜೋನ್ಸ್ ಹಾಡುವುದನ್ನು ಬಿಟ್ಟು ಸುಮ್ನೆ ಮಾತಾಡುತ್ತಾರೆ.

ಬರೆದವರು ಬಾಬಿ ಬ್ರಾಡಕ್ ಮತ್ತು ಕರ್ಲಿ ಪುಟ್‌ಮನ್. ಇಷ್ಟು ಗೋಳಿನ ಹಾಡನ್ನು ಯಾರು ಕೊಳ್ತಾರೆ ಅಂತ ಜೋನ್ಸ್‌ಗೇ ಅನುಮಾನವಿತ್ತು. ಅದು ಅಮೆರಿಕದ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 1ನೇ ಸ್ಥಾನಕ್ಕೇರಿತು. 2013ರಲ್ಲಿ ನ್ಯಾಶ್‌ವಿಲ್‌ನಲ್ಲಿ ಜೋನ್ಸ್ ಅಂತ್ಯಕ್ರಿಯೆಯ ದಿನ ಕಂಟ್ರಿ ಗಾಯಕ ಅಲನ್ ಜಾಕ್ಸನ್ ಹಾಡಿದ್ದೂ ಇದನ್ನೇ.