ಫೋಟೊ ನೋಡಿ ಏನು ಹೇಳಬೇಕು? ಹೇಳಿಸಿಕೊಂಡವರು ಏನು ಮಾಡಬೇಕು?

ಪ್ರಶ್ನೆ: ನಾವು ಹತ್ತು–ಹನ್ನೆರಡು ಮಂದಿ ಹವ್ಯಾಸಿ ಛಾಯಾಗ್ರಾಹಕರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ನಮ್ಮ ಫೋಟೊಗಳನ್ನು ತೋರಿಸಿಕೊಳ್ಳುತ್ತೇವೆ. ಯಾವ ಫೋಟೊ ಬಂದರೂ ‘ಸೂಪರ್ ಸರ್’ ಎನ್ನುವುದೇ ರೂಢಿ. ಕೆಲವು ತಿಂಗಳ ಹಿಂದೆ ಹಿರಿಯರೊಬ್ಬರು ಯಕ್ಷಗಾನದ ಚೌಕಿಯಲ್ಲಿ (ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗ) ತೆಗೆದ ಫೋಟೊ ತೋರಿಸಿದರು. ಕಲಾವಿದರೊಬ್ಬರು ಕನ್ನಡಿ ನೋಡುತ್ತ ಹುಬ್ಬಿನ ಗೆರೆ ಎಳೆದುಕೊಳ್ಳುತ್ತಿದ್ದರು. ಹಿಂದೆ ಉರಿಯುವ ಟ್ಯೂಬ್‌ಲೈಟ್, ಪ್ಲಾಸ್ಟಿಕ್ ಕುರ್ಚಿಗಳು ಇದ್ದವು, ಕಲಾವಿದರ ಕೈ ಅಲುಗಿ ಸ್ವಲ್ಪ ಮಸುಕಾಗಿತ್ತು. ‘ಕಾಂಪೊಸಿಷನ್ ಸರಿಯಿಲ್ಲ’, ಅಂದರೆ ಚೌಕಟ್ಟಿನೊಳಗಿನ ಜೋಡಣೆ ಸರಿಯಿಲ್ಲ, ಎಂದೆ. ಅಂದಿನಿಂದ ಅವರು ಬರುವುದನ್ನೇ ಬಿಟ್ಟಿದ್ದಾರೆ. ನನ್ನ ಮಾತಿನಲ್ಲಿ ತಪ್ಪೇನಿತ್ತು?
– ಹೆಸರು ಬೇಡ, ಸಾಗರ

ಉತ್ತರ: ನಿಮ್ಮ ಮಾತು ಕಟುವಾಗಿತ್ತು ಎನ್ನುವುದಕ್ಕಿಂತ ಅದರಲ್ಲಿ ಆ ಹಿರಿಯರು ಮನೆಗೆ ಕೊಂಡೊಯ್ಯುವಂಥದ್ದು ಏನೂ ಇರಲಿಲ್ಲ ಎನ್ನುವುದೇ ನಿಜವಾದ ಕೊರತೆ ಎಂದು ನನಗೆ ತೋರುತ್ತದೆ. ‘ಸೂಪರ್ ಸರ್’ ಎಂಬ ಹೊಗಳಿಕೆಗೂ ‘ಕಾಂಪೊಸಿಷನ್ ಸರಿಯಿಲ್ಲ’ ಎಂಬ ತೆಗಳಿಕೆಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಎರಡನ್ನೂ ಫೋಟೊ ನೋಡದೆಯೇ ಹೇಳಬಹುದು.

ಅದರ ಬದಲು ನಿಮ್ಮ ಕಣ್ಣು ಆ ಚೌಕಟ್ಟಿನೊಳಗೆ ಹೇಗೆ ಓಡಾಡಿತು ಎಂಬುದನ್ನು ಹೇಳಿ ನೋಡಿ: ‘ನನ್ನ ಕಣ್ಣು ಮೊದಲು ಟ್ಯೂಬ್‌ಲೈಟಿನ ಕಡೆ ಹೋಯಿತು, ಆಮೇಲೆ ಬಿಳಿ ಕುರ್ಚಿಗೆ ಇಳಿಯಿತು, ಕಲಾವಿದರ ಮುಖಕ್ಕೆ ಬಂದದ್ದು ಕೊನೆಯಲ್ಲಿ.’ ಇದು ತೀರ್ಪಲ್ಲ, ನೋಡುಗನೊಬ್ಬ ಕೊಡುವ ವರದಿ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ, ಅದರಿಂದ ಯಾರ ಮಾನಕ್ಕೂ ಕುಂದಿಲ್ಲ. ಇದಾದ ಮೇಲೆ ಕೇಳಲೇಬೇಕಾದ ಪ್ರಶ್ನೆ, ತೆಗೆದವರಿಗೆ ಏನು ಬೇಕಿತ್ತು ಎಂಬುದು. ಕಲಾವಿದರ ತನ್ಮಯತೆಯೊಂದೇ ಬೇಕಿದ್ದರೆ ಕುರ್ಚಿಯೂ ಟ್ಯೂಬ್‌ಲೈಟೂ ಅಡ್ಡಿಯೇ. ಇನ್ನೊಂದು ತಾಸಿನಲ್ಲಿ ರಂಗಸ್ಥಳದ ಮೇಲೆ ರಾಜನಾಗಿ ಮೆರೆಯಬೇಕಾದ ಮನುಷ್ಯ ಈಗ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಕೂತು ಬಣ್ಣ ಹಚ್ಚಿಕೊಳ್ಳುತ್ತಿದ್ದಾನೆ ಎಂಬುದನ್ನು ತೋರಿಸುವುದು ಅವರ ಉದ್ದೇಶವಾಗಿದ್ದರೆ, ನೀವು ದೋಷವೆಂದು ಎಣಿಸಿದ ವಸ್ತುಗಳೇ ಆ ಫೋಟೊದ ಜೀವಾಳ. ಆಗ ಚರ್ಚಿಸಬೇಕಾದ್ದು ಅವನ್ನು ಹೇಗೆ ಹೊರಗಿಡುವುದು ಎಂದಲ್ಲ, ಇನ್ನೂ ಧೈರ್ಯವಾಗಿ ಹೇಗೆ ಒಳತರುವುದು ಎಂದು.

ಕೊರತೆಯನ್ನು ಹೇಳುವಾಗ ಅದು ಯಾವ ಬಗೆಯದು ಎಂಬುದನ್ನೂ ಬಿಡಿಸಿ ಹೇಳಬೇಕು. ಟ್ಯೂಬ್‌ಲೈಟಿನ ಪ್ರಖರತೆಯನ್ನು ಮನೆಯಲ್ಲಿ ಕೂತು ಕ್ರಾಪ್ ಮಾಡಿಯೋ (ಅಂಚು ಕತ್ತರಿಸಿಯೋ) ಆ ಮೂಲೆಯನ್ನಷ್ಟೇ ಮಬ್ಬಾಗಿಸಿಯೋ ತಗ್ಗಿಸಬಹುದು. ಕೈ ಅಲುಗಿದ್ದಕ್ಕೆ ಮನೆಯಲ್ಲಿ ಪರಿಹಾರವಿಲ್ಲ. ಮುಂದಿನ ಸಲ ಚೌಕಿಯಲ್ಲೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ ಶಟರ್ ವೇಗವನ್ನು 1/125 ಸೆಕೆಂಡಿನ ಆಸುಪಾಸಿಗೆ ತರಬೇಕು, ಇಲ್ಲವೇ ಗೆರೆ ಎಳೆಯುವ ಕಡ್ಡಿ ಹುಬ್ಬಿನ ತುದಿಯಲ್ಲಿ ಅರೆಕ್ಷಣ ನಿಲ್ಲುವವರೆಗೆ ಕಾಯಬೇಕು. ಹಾಗೆ ಅಲುಗಿದ ಕೈ ಚೆಂದವೋ ಅಲ್ಲವೋ ಎಂಬುದು ಮಾತ್ರ ಅವರವರ ಅಭಿರುಚಿಗೆ ಬಿಟ್ಟ ಮಾತು. ಈ ಮೂರನ್ನೂ ಒಂದೇ ಉಸಿರಿನಲ್ಲಿ ‘ಸರಿಯಿಲ್ಲ’ ಎಂದುಬಿಟ್ಟರೆ ಕೇಳಿದವರಿಗೆ ಎಲ್ಲಿಂದ ತಿದ್ದಲು ಶುರು ಮಾಡಬೇಕೆಂದು ತಿಳಿಯುವುದಿಲ್ಲ.

ಮೊದಲು ಹೊಗಳಿ, ನಡುವೆ ತೆಗಳಿ, ಕೊನೆಗೆ ಮತ್ತೆ ಹೊಗಳಬೇಕೆಂಬ ಸೂತ್ರವನ್ನು ಅನೇಕರು ಉಪದೇಶಿಸುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಎರಡು ಸಲ ಕೇಳಿದವರಿಗೆ ಅದರ ಗುಟ್ಟು ತಿಳಿದುಹೋಗಿ, ಹೊಗಳಿಕೆಗೆ ಕಿವಿಗೊಡದೆ ‘ಆದರೆ’ ಎಂಬ ಪದಕ್ಕಾಗಿ ಕಾದು ಕೂರುತ್ತಾರೆ. ಫೋಟೊದಲ್ಲಿ ನಿಜಕ್ಕೂ ಮೆಚ್ಚುವಂಥದ್ದಿದ್ದರೆ ಅದನ್ನೂ ದೋಷದಷ್ಟೇ ನಿಖರವಾಗಿ ಹೇಳಿ; ಇಲ್ಲದಿದ್ದರೆ ಹುಡುಕಿ ತರಬೇಡಿ.

ನಿಮ್ಮ ಸಭೆಯ ಏರ್ಪಾಡಿನಲ್ಲೂ ಎರಡು ಬದಲಾವಣೆ ಬೇಕು. ಒಬ್ಬರು ಮೂರಕ್ಕಿಂತ ಹೆಚ್ಚು ಫೋಟೊ ತರಬಾರದು, ಪ್ರತಿಯೊಂದರ ಜೊತೆ ‘ಇದರಲ್ಲಿ ನನಗೆ ಇಂಥ ಅನುಮಾನವಿದೆ’ ಎಂದು ತಾವೇ ಒಂದು ಪ್ರಶ್ನೆ ಇಡಬೇಕು. ಪ್ರಶ್ನೆ ಇಡದ ಫೋಟೊವನ್ನು ನೋಡಿ ಸಂತೋಷಪಟ್ಟರೆ ಸಾಕು, ವಿಮರ್ಶೆ ಬೇಡ. ಎರಡನೆಯದಾಗಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊವನ್ನು ಮೊಬೈಲಿನಲ್ಲೇ ನೋಡಿ ಶಾರ್ಪ್‌ನೆಸ್ ಬಗ್ಗೆ ಮಾತನಾಡಬೇಡಿ. ಅಲ್ಲಿ ಫೋಟೊ ಸಾಮಾನ್ಯವಾಗಿ ಕುಗ್ಗಿ ಬರುತ್ತದೆ, ಪರದೆಯ ಪ್ರಖರತೆಯೂ ಒಬ್ಬೊಬ್ಬರದು ಒಂದೊಂದು ರೀತಿ. ಎಲ್ಲರೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ನೋಡಿ, ಸಾಧ್ಯವಾದರೆ 8×12 ಇಂಚಿನ ಪ್ರಿಂಟ್ ಹಾಕಿಸಿ ಮೇಜಿನ ಮೇಲಿಡಿ. ಕೈಗೆತ್ತಿಕೊಂಡ ಪ್ರಿಂಟ್‌ನ ಮುಂದೆ ಜನ ಸಹಜವಾಗಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಇನ್ನು ಆ ಹಿರಿಯರ ವಿಷಯ. ಎಲ್ಲರೆದುರು ಆಡಿದ ಮಾತಿಗೆ ಎಲ್ಲರೆದುರು ಕ್ಷಮೆ ಕೇಳಿ ಅವರನ್ನು ಇನ್ನಷ್ಟು ಮುಜುಗರಕ್ಕೆ ಸಿಕ್ಕಿಸಬೇಡಿ. ಅವರ ಮನೆಗೆ ಹೋಗಿ, ಆ ಫೋಟೊವನ್ನು ಮತ್ತೊಮ್ಮೆ ತೋರಿಸಿ ಎಂದು ಕೇಳಿ, ಅಂದು ಚೌಕಿಯಲ್ಲಿ ಏನು ಕಂಡು ಕ್ಯಾಮೆರಾ ಎತ್ತಿದಿರಿ ಎಂದು ವಿಚಾರಿಸಿ. ನೀವು ತೆಗೆದ ಒಂದು ಫೋಟೊವನ್ನೂ ಜೊತೆಗೆ ಒಯ್ಯಿರಿ. ಅವರು ಅದರಲ್ಲಿ ಹುಳುಕು ಹುಡುಕಿದರೆ ಒಳ್ಳೆಯದೇ.

ಪ್ರಶ್ನೆ: ಕೊಕ್ಕರೆ ಬೆಳ್ಳೂರಿನಲ್ಲಿ, ಗೂಡಿಗೆ ಕಡ್ಡಿ ತರುತ್ತಿರುವ ಬಣ್ಣದ ಕೊಕ್ಕರೆಯ ಫೋಟೊ ತೆಗೆದಿದ್ದೇನೆ. ಮೇಲ್ಭಾಗದಲ್ಲಿ ವಿದ್ಯುತ್ ತಂತಿ ಹಾದುಹೋಗಿದೆ. ಒಬ್ಬರು ಅದನ್ನು ಅಳಿಸಿ ಎನ್ನುತ್ತಾರೆ, ಇನ್ನೊಬ್ಬರು ಕ್ರಾಪ್ ಮಾಡಿ ಎನ್ನುತ್ತಾರೆ, ಮತ್ತೊಬ್ಬರು ಹಾಗೇ ಇರಲಿ ಎನ್ನುತ್ತಾರೆ. ಸ್ಪರ್ಧೆಯೊಂದರಲ್ಲಿ ಇದಕ್ಕೆ ಕಡಿಮೆ ಅಂಕ ಬಂದಿದೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ಮಂಡ್ಯ

ಉತ್ತರ: ಮೂವರೂ ಬೇರೆ ಬೇರೆ ಫೋಟೊಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದ್ದಾರೆ. ಗೋಡೆಗೆ ಹಾಕಿಕೊಳ್ಳಲು ತಂತಿ ಅಳಿಸಿದರೆ ಯಾರ ತಕರಾರೂ ಇಲ್ಲ. ಆದರೆ ಸಲೋನ್‌ಗಳ (ಛಾಯಾಚಿತ್ರ ಸ್ಪರ್ಧೆ–ಪ್ರದರ್ಶನಗಳ) ನಿಸರ್ಗ ವಿಭಾಗಕ್ಕೆ ಕಳುಹಿಸುವುದಾದರೆ ಅಳಿಸುವಂತಿಲ್ಲ: ಫಿಯಾಪ್, ಪಿಎಸ್‌ಎ, ಆರ್‌ಪಿಎಸ್ ಎಂಬ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿರುವ ವ್ಯಾಖ್ಯೆಯ ಪ್ರಕಾರ ಅಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಇದ್ದದ್ದನ್ನು ಕ್ರಾಪ್ ಮಾಡಿಯಲ್ಲದೆ ಬೇರೆ ರೀತಿಯಲ್ಲಿ ತೆಗೆಯುವಂತಿಲ್ಲ. ಮನುಷ್ಯ ನಿರ್ಮಿತ ವಸ್ತುಗಳೂ ಆ ನಿಸರ್ಗದ ಕಥೆಯ ಭಾಗವಾಗಿದ್ದರಷ್ಟೇ ಅಲ್ಲಿ ಸಲ್ಲುತ್ತವೆ. ಮೂರನೆಯವರ ಮಾತಿಗೂ ಆಧಾರವಿದೆ, ಏಕೆಂದರೆ ಕೊಕ್ಕರೆ ಬೆಳ್ಳೂರಿನ ವಿಶೇಷವೇ ಊರಿನೊಳಗಿನ ಮರಗಳ ಮೇಲೆ, ಮನೆಗಳ ಪಕ್ಕದಲ್ಲಿ ಹಕ್ಕಿಗಳು ಗೂಡು ಕಟ್ಟುವುದು. ಆದರೆ ಆ ಕಥೆ ಹೇಳಲು ಒಂದು ತುಂಡು ತಂತಿ ಸಾಲದು. ಹಂಚಿನ ಛಾವಣಿಯೋ ಬೀದಿಯೋ ಜೊತೆಗೆ ಕಾಣಬೇಕಿತ್ತು. ಆದ್ದರಿಂದ ಈ ಫೋಟೊದ ಮಟ್ಟಿಗೆ, ಕೊಕ್ಕರೆಯ ತಲೆಯ ಮೇಲೆ ಸಾಕಷ್ಟು ಜಾಗ ಉಳಿಯುವಂತಿದ್ದರೆ ಕ್ರಾಪ್ ಮಾಡುವುದೇ ಸರಿ.

ಅಂಕದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ನೂರಾರು ಫೋಟೊಗಳ ನಡುವೆ ತೀರ್ಪುಗಾರರು ಒಂದೊಂದಕ್ಕೆ ಕೊಡುವುದು ಕೆಲವೇ ಸೆಕೆಂಡು. ಕಾರಣ ತಿಳಿಸದ ಆ ಅಂಕ ಆಯ್ಕೆಗೆ ಸಾಧನವೇ ಹೊರತು ವಿಮರ್ಶೆಯಲ್ಲ. ಅದಕ್ಕಿಂತ, ಒಬ್ಬರಿಗೊಬ್ಬರು ಮಾತಾಡಿಕೊಳ್ಳದ ಇಬ್ಬರು ಚೌಕಟ್ಟಿನ ಒಂದೇ ಜಾಗಕ್ಕೆ ಬೆರಳಿಟ್ಟರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಅವರು ಸೂಚಿಸುವ ಪರಿಹಾರಗಳು ತಪ್ಪಿರಬಹುದು, ಅಲ್ಲೇನೋ ತೊಡಕಿದೆ ಎಂಬುದು ಸಾಮಾನ್ಯವಾಗಿ ತಪ್ಪಿರುವುದಿಲ್ಲ. ಹೇಳುವಾಗ ನಡುವೆ ಬಾಯಿ ಹಾಕಿ ‘ಬೆಳಕು ಕಡಿಮೆ ಇತ್ತು, ಜನ ಅಡ್ಡ ಬಂದರು’ ಎಂದು ವಿವರಿಸಲು ಹೋಗದೆ ಬರೆದುಕೊಳ್ಳಿ, ಮೂಲ ಫೈಲನ್ನು ಹಾಗೇ ಇಟ್ಟು, ಒಂದು ವಾರ ಬಿಟ್ಟು ಅದರ ನಕಲಿನ ಮೇಲೆ ಪ್ರಯೋಗ ಮಾಡಿ. ಸಿಟ್ಟು ಇಳಿದ ಮೇಲೆ ಸಲಹೆಯ ತೂಕ ಬೇರೆಯಾಗಿಯೇ ಕಾಣುತ್ತದೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಕ್ಯಾಮೆರಾದ ಜೊತೆ ಬಂದ 18–55 ಎಂಎಂ ಲೆನ್ಸಿನಲ್ಲೇ ವಾರದ ಸಂತೆಯ ಫೋಟೊ ತೆಗೆಯುತ್ತೇನೆ. ಹಿರಿಯರಿಗೆ ತೋರಿಸಿದರೆ ‘ಒಳ್ಳೆಯ ಲೆನ್ಸ್ ತಗೋಮ್ಮ’ ಎಂದಷ್ಟೇ ಹೇಳುತ್ತಾರೆ. ಇದನ್ನು ಸಲಹೆ ಎಂದು ಎಣಿಸಬೇಕೇ?
– ಹೆಸರು ಬೇಡ, ಧಾರವಾಡ

ಉತ್ತರ: ನೀವು ದೂರದ ಹಕ್ಕಿಗಳ ಹಿಂದೆ ಬಿದ್ದಿದ್ದರೆ ಅದು ಸಲಹೆಯೇ ಆಗುತ್ತಿತ್ತು, ಏಕೆಂದರೆ 55 ಎಂಎಂನಲ್ಲಿ ಅವು ಚುಕ್ಕೆಗಳಾಗಿ ಕಾಣುತ್ತವೆ. ಸಂತೆಗೆ ಆ ಲೆನ್ಸ್ ಧಾರಾಳವಾಗಿ ಸಾಕು. ಹಾಗೆ ಹೇಳುವವರಲ್ಲಿ ಬಹುಪಾಲು ಮಂದಿ ಫೋಟೊದ ಬಗ್ಗೆ ಮಾತನಾಡಲು ಸಂಕೋಚಪಟ್ಟು ಸಲಕರಣೆಯ ಮಾತು ತೆಗೆಯುತ್ತಾರೆ. ನೀವು ಕೇಳುವ ಪ್ರಶ್ನೆಯನ್ನು ಬದಲಿಸಿದರೆ ಅವರ ಉತ್ತರವೂ ಬದಲಾಗಬಹುದು. ‘ಫೋಟೊ ಹೇಗಿದೆ’ ಎನ್ನುವ ಬದಲು ‘ಸರ್, ಇದೇ ಲೆನ್ಸ್ ನಿಮ್ಮ ಕೈಯಲ್ಲಿದ್ದರೆ ಈ ಮೆಣಸಿನಕಾಯಿ ರಾಶಿಯ ಯಾವ ಬದಿಗೆ ನಿಲ್ಲುತ್ತಿದ್ದಿರಿ, ಕೂತು ತೆಗೆಯುತ್ತಿದ್ದಿರೋ ನಿಂತೋ’ ಎಂದು ಕೇಳಿ. ಆಗಲೂ ಲೆನ್ಸಿನ ಬೆಲೆಯನ್ನೇ ಹೇಳಿದರೆ ನಮಸ್ಕಾರ ಹೇಳಿ, ಬೇರೆಯವರಿಗೆ ತೋರಿಸಿ.